ಟೇಬಲ್ ರಾಕ್ ಸರೋವರದ ಹದಿಮೂರು ನಿಮಿಷ

2018ರ ಜುಲೈ 19, ಗುರುವಾರ. ಅಮೆರಿಕದ ಮಿಸೌರಿ ರಾಜ್ಯದ ಬ್ರ್ಯಾನ್ಸನ್‌ನಲ್ಲಿ ಬೇಸಿಗೆ ರಜೆಯ ಸೆಕೆಯ ಸಂಜೆ. 29 ಪ್ರವಾಸಿಗರು ಒಂದು ವಿಚಿತ್ರ ವಾಹನ ಹತ್ತಿ ಕುಳಿತರು. ರಸ್ತೆಯ ಮೇಲೆ ಬಸ್ಸು, ನೀರಿಗಿಳಿದರೆ ದೋಣಿ. ಅಲ್ಲಿನವರು ಅದನ್ನು ‘ಡಕ್’ ಅನ್ನುತ್ತಾರೆ. ಜೊತೆಗೆ ಇಬ್ಬರು ಸಿಬ್ಬಂದಿ: ರಸ್ತೆಯಲ್ಲಿ ಓಡಿಸುವ ಚಾಲಕ, ನೀರಿನಲ್ಲಿ ನಡೆಸುವ ಕ್ಯಾಪ್ಟನ್. ಸಂಜೆ 6 ಗಂಟೆ 55 ನಿಮಿಷಕ್ಕೆ ಡಕ್ ಟೇಬಲ್ ರಾಕ್ ಸರೋವರಕ್ಕೆ ಇಳಿಯಿತು. 7 ಗಂಟೆ 8 ನಿಮಿಷಕ್ಕೆ ಒಳಗಿನ ಕ್ಯಾಮೆರಾದ ದಾಖಲೆ ನಿಂತುಹೋಯಿತು. 31 ಜನರಲ್ಲಿ 17 ಮಂದಿ ಬದುಕಲಿಲ್ಲ. ಸತ್ತವರಲ್ಲಿ ಒಂದು ವರ್ಷದ ಮಗುವಿತ್ತು, 76 ವರ್ಷದ ಹಿರಿಯರಿದ್ದರು. ಒಂದೇ ಕುಟುಂಬದ ಹನ್ನೊಂದು ಜನ ಹತ್ತಿದ್ದರು, ಒಂಬತ್ತು ಜನ ಹೋದರು.

ಮಾರನೆಯ ದಿನದ ಸುದ್ದಿಗಳಲ್ಲೆಲ್ಲ ‘ಹಠಾತ್ ಬಿರುಗಾಳಿ’ ಎಂಬ ಮಾತು ಇತ್ತು. ನನಗೆ ಈ ಪ್ರಕರಣದಲ್ಲಿ ಕುತೂಹಲ ಹುಟ್ಟಿಸಿದ್ದೇ ಆ ‘ಹಠಾತ್’. ಅದು ಯಾರಿಗೆ ಹಠಾತ್? ಹವಾಮಾನ ಇಲಾಖೆಯವರಿಗಂತೂ ಅಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕ್ಯಾಮೆರಾದ ದಾಖಲೆಯಿಂದ ಸೆಕೆಂಡುಗಳ ಲೆಕ್ಕದಲ್ಲಿ ಬಿಡಿಸಿಟ್ಟ ವಿವರಗಳನ್ನು ಓದುತ್ತ ಹೋದರೆ, ಈ ಗಾಳಿ ಹೇಳದೆ ಬಂದದ್ದಲ್ಲ ಎಂಬುದು ಸ್ಪಷ್ಟವಾಗುತ್ತದೆ. ಹೇಳಿದ್ದನ್ನು ಕೇಳಿಸಿಕೊಂಡ ಮೇಲೂ ಡಕ್ ನೀರಿಗೆ ಇಳಿದದ್ದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಬೆಳಿಗ್ಗೆಯಿಂದ ಸಂಜೆಯವರೆಗೆ

ಅಂದು ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೇ ಆ ಪ್ರದೇಶಕ್ಕೆ ತೀವ್ರ ಗುಡುಗು ಮಳೆಯ ‘ವಾಚ್’ ಹೊರಟಿತ್ತು. ರಾತ್ರಿ 9 ಗಂಟೆಯವರೆಗೂ ಅದು ಜಾರಿಯಲ್ಲಿತ್ತು. ಅಮೆರಿಕದ ಹವಾಮಾನ ಸೇವೆ ಎರಡು ಹಂತಗಳಲ್ಲಿ ಎಚ್ಚರಿಸುತ್ತದೆ. ವಾಚ್ ಅಂದರೆ ಬಿರುಗಾಳಿ ಎದ್ದೇಳಲು ಬೇಕಾದ್ದೆಲ್ಲ ವಾತಾವರಣದಲ್ಲಿ ಸೇರಿಕೊಂಡಿದೆ, ಕಣ್ಣಿಟ್ಟಿರಿ ಎಂದು. ದೊಡ್ಡ ಪ್ರದೇಶಕ್ಕೆ, ಹಲವು ಗಂಟೆಗಳಿಗೆ ಕೊಡುವ ಸೂಚನೆ ಇದು. ‘ವಾರ್ನಿಂಗ್’ ಅಂದರೆ ಬಿರುಗಾಳಿ ಎದ್ದಾಗಿದೆ, ರೇಡಾರಿನಲ್ಲಿ ಕಾಣುತ್ತಿದೆ, ನಿಮ್ಮ ಕಡೆಗೇ ಬರುತ್ತಿದೆ ಎಂದು. ಗಾಳಿಯ ವೇಗ ಗಂಟೆಗೆ 93 ಕಿ.ಮೀ. ಮುಟ್ಟುವಂತಿದ್ದರೆ, ಇಲ್ಲವೇ ಎರಡೂವರೆ ಸೆಂಟಿಮೀಟರ್ ದಪ್ಪದ ಆಲಿಕಲ್ಲು ಬೀಳುವಂತಿದ್ದರೆ ವಾರ್ನಿಂಗ್ ಕೊಡುತ್ತಾರೆ.

ಸರೋವರವಿರುವ ಪ್ರದೇಶಕ್ಕೆ ವಾರ್ನಿಂಗ್ ಬಂದದ್ದು ಸಂಜೆ 6 ಗಂಟೆ 32 ನಿಮಿಷಕ್ಕೆ.

ಅದಕ್ಕೂ ಮೂರು ನಿಮಿಷ ಮೊದಲು, 6.29ಕ್ಕೆ, ಒಬ್ಬರು ಡಕ್‌ನ ಹಿಂಬದಿಯ ಮೆಟ್ಟಿಲು ಹತ್ತಿ ಸಿಬ್ಬಂದಿಗೆ ಒಂದು ಮಾತು ಹೇಳಿದ್ದು ದಾಖಲಾಗಿದೆ: ಸವಾರಿಯ ನೀರಿನ ಭಾಗವನ್ನು ಮೊದಲು ಮುಗಿಸಿಬಿಡಿ. ಎಂದಿನ ಕ್ರಮದಲ್ಲಿ ಮೊದಲು ಊರು, ಆಮೇಲೆ ನೀರು. ಅಂದು ಅದನ್ನು ತಿರುಗಿಸಿದರು. ಕ್ಯಾಪ್ಟನ್ ಹೊರಡುವ ಮೊದಲು ರೇಡಾರ್ ಚಿತ್ರ ನೋಡಿದ್ದಾಗಿ ಹೇಳಿದ್ದೂ ದಾಖಲೆಯಲ್ಲಿದೆ. ಅಂದರೆ ಬಿರುಗಾಳಿಯ ಸಂಗತಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕ್ರಮ ಬದಲಾಯಿತು. ಯಾರೂ ಎಚ್ಚರಿಕೆಯನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಅದನ್ನು ವೇಳಾಪಟ್ಟಿಗೆ ಹೊಂದಿಸಿಕೊಂಡರು, ಅಷ್ಟೇ.

ಈ ಇಡೀ ಪ್ರಕರಣದ ತಿರುವು ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ದುಡುಕಿನ ಮನುಷ್ಯ ‘ಏನೂ ಆಗಲ್ಲ ಬಿಡಿ’ ಅಂದು ಹೊರಟರೆ ಅವನನ್ನು ತಡೆಯಲು ಪಕ್ಕದವರಾದರೂ ಇರುತ್ತಾರೆ. ಇಲ್ಲಿ ಆದದ್ದು ಅದಲ್ಲ, ಒಂದು ಜಾಣ ಹೊಂದಾಣಿಕೆ. ಮಳೆ ಬರುವುದರೊಳಗೆ ನೀರಿನ ಕೆಲಸ ಮುಗಿಸಿ, ಮಳೆ ಬಂದಾಗ ಗಟ್ಟಿ ನೆಲದ ಮೇಲಿರೋಣ ಎಂದು. ಕೇಳಿದವರಿಗೆ ಮುಂದಾಲೋಚನೆಯಂತೆಯೇ ತೋರುತ್ತದೆ. ಬಟ್ಟೆ ಒಣಹಾಕಿದವರು, ಹೊಲಕ್ಕೆ ಹೋಗಬೇಕಾದವರು, ಬೈಕ್ ಏರಿ ಮನೆಗೆ ಹೊರಟವರು ನಿತ್ಯ ಮಾಡುವ ಲೆಕ್ಕ ಇದೇ ತಾನೆ. ಬಿರುಗಾಳಿಯನ್ನು ಒಂದು ಗಡುವಾಗಿ ನೋಡುವ ಲೆಕ್ಕ. ಆದರೆ ಗಡುವಿಗೆ ಒಂದು ನಿಗದಿತ ಗಳಿಗೆ ಇರುತ್ತದೆ. ಬಿರುಗಾಳಿ ಅಂಥ ಗಳಿಗೆಯನ್ನು ಯಾರಿಗೂ ಕೊಟ್ಟಿರುವುದಿಲ್ಲ.

6.33ಕ್ಕೆ ಡಕ್ ಹೊರಟಿತು, ವಾರ್ನಿಂಗ್ ಬಂದ ಮುಂದಿನ ನಿಮಿಷಕ್ಕೆ. ಅಲ್ಲಿಂದ ಮುಂದಿನ ಇಪ್ಪತ್ತೆರಡು ನಿಮಿಷ ಅದು ಬಸ್ಸಾಗಿಯೇ ಇತ್ತು, ಚಕ್ರಗಳ ಮೇಲೆ, ಡಾಂಬರು ರಸ್ತೆಯಲ್ಲಿ. ಈ ಇಪ್ಪತ್ತೆರಡು ನಿಮಿಷದಲ್ಲಿ ಎಲ್ಲಿ ನಿಲ್ಲಿಸಿದ್ದರೂ ಇದೊಂದು ಪ್ರಕರಣವೇ ಆಗುತ್ತಿರಲಿಲ್ಲ. 6.50ರ ಹೊತ್ತಿಗೆ ಕ್ಯಾಪ್ಟನ್ ಲೈಫ್ ಜಾಕೆಟ್‌ಗಳು ಎಲ್ಲಿವೆ, ತುರ್ತಾಗಿ ಹೊರಬೀಳುವ ದಾರಿ ಯಾವುದು ಎಂದು ನಿಯಮದಂತೆ ವಿವರಿಸಿದರು. ಹಾಕಿಕೊಳ್ಳಿ ಎಂದು ಹೇಳಲಿಲ್ಲ.

ನೀರಿನ ಮೇಲೆ

ಇಳಿದಾಗ ಸರೋವರ ಶಾಂತವಾಗಿತ್ತು. ಎಷ್ಟು ಶಾಂತವೆಂದರೆ ನಾಲ್ಕು ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಚಾಲಕನ ಸೀಟಿನಲ್ಲಿ ಕುಳಿತು ಸ್ಟಿಯರಿಂಗ್ ಹಿಡಿಯಲು ಕ್ಯಾಪ್ಟನ್ ಅವಕಾಶ ಕೊಟ್ಟರು. ಪ್ರತಿ ಸವಾರಿಯಲ್ಲೂ ಮಕ್ಕಳು ಕಾಯುವ ಗಳಿಗೆ ಅದು.

7 ಗಂಟೆ ದಾಟಿ 25 ಸೆಕೆಂಡಿಗೆ ನೀರಿನ ಮೇಲೆ ನೊರೆಯ ಅಲೆಗಳು ಒಮ್ಮೆಲೇ ಎದ್ದವು. ಇಳಿದು ಆರು ನಿಮಿಷವೂ ಆಗಿರಲಿಲ್ಲ. ಕ್ಯಾಪ್ಟನ್ ಸೀಟಿಗೆ ಮರಳಿದರು. ಎರಚಲು ಒಳಬರದಂತೆ ಪಕ್ಕದ ಪ್ಲಾಸ್ಟಿಕ್ ಪರದೆಗಳನ್ನು ಇಳಿಸಲಾಯಿತು. 7.04ಕ್ಕೆ ನೀರು ಒಳಗೆ ಚಿಮ್ಮತೊಡಗಿತು. 7.05 ದಾಟಿದ ಮೇಲೆ ಅಲಾರಂ ಕೂಗಿತು: ದೋಣಿಯ ತಳದಲ್ಲಿ ನೀರು ಏರುತ್ತಿದೆ. 7.07ಕ್ಕೆ ಕ್ಯಾಪ್ಟನ್ ಕೆಳಗೆ ಬಾಗಿ ಏನನ್ನೋ ಮುಟ್ಟಿದರು, ಅಲಾರಂ ನಿಂತಿತು. ಒಂದು ನಿಮಿಷದ ಬಳಿಕ ದಾಖಲೆ ಮುಗಿಯುತ್ತದೆ. ಕೊನೆಯ ದೃಶ್ಯದಲ್ಲಿ ದೋಣಿ ಇನ್ನೂ ನೀರಿನ ಮೇಲೆಯೇ ಇದೆ.

ಆ ಡಕ್‌ಗೆ ಕೊಟ್ಟಿದ್ದ ಪ್ರಮಾಣಪತ್ರದಲ್ಲಿ ಒಂದು ಮಿತಿಯಿತ್ತು: ಗಾಳಿ ಗಂಟೆಗೆ 56 ಕಿ.ಮೀ. ಮೀರಿದರೆ, ಅಲೆ ಎರಡು ಅಡಿ ದಾಟಿದರೆ ನೀರಿನಲ್ಲಿ ಇರಬಾರದು. ಅಂದು ಅಲ್ಲಿ ದಾಖಲಾದ ಅತಿ ಜೋರಿನ ಗಾಳಿ ಗಂಟೆಗೆ 117 ಕಿ.ಮೀ. ಅಲೆಗಳು ಮೂರರಿಂದ ಐದು ಅಡಿ. ಗಾಳಿಯ ವೇಗ ಮಿತಿಯ ಎರಡರಷ್ಟು ಎಂದು ಓದಿಕೊಂಡರೆ ಅದರ ಪೆಟ್ಟು ಪೂರ್ತಿ ಅರಿವಿಗೆ ಬರುವುದಿಲ್ಲ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಇಲ್ಲಿ ನಾಲ್ಕನ್ನೂ ಸ್ವಲ್ಪ ಮೀರಿತ್ತು.

ಶಾಂತವಾಗಿದ್ದದ್ದು ಏಕೆ

‘ನೀರು ಕನ್ನಡಿಯಂತಿತ್ತು, ಹೇಗೆ ಊಹಿಸುವುದು?’ ಎಂದು ಯಾರಾದರೂ ಕೇಳಬಹುದು. ಬಿರುಗಾಳಿಯ ಮುಂಚಿನ ಶಾಂತಿ ಗಾದೆಯ ಮಾತಲ್ಲ, ಅದಕ್ಕೊಂದು ಯಂತ್ರವಿದೆ.

ಗುಡುಗು ಮೋಡದೊಳಗೆ ಮಳೆಹನಿಗಳು ಬೀಳುತ್ತ ಒಣಗಾಳಿಯನ್ನು ಹಾಯುವಾಗ ಒಂದಷ್ಟು ಆವಿಯಾಗುತ್ತವೆ. ಆವಿಯಾಗಲು ಬೇಕಾದ ಶಾಖವನ್ನು ಆ ಗಾಳಿಯಿಂದಲೇ ಹೀರಿಕೊಳ್ಳುತ್ತವೆ. ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಮಳೆಯ ಭಾರವೂ ಸೇರಿ ನೆಲಕ್ಕೆ ಕುಸಿಯುತ್ತದೆ. ನೆಲ ಮುಟ್ಟಿದ ಮೇಲೆ ಹೋಗಲು ಬೇರೆ ದಾರಿಯಿಲ್ಲ, ಬಿಂದಿಗೆ ಮಗುಚಿದಾಗ ನೀರು ನೆಲದ ಮೇಲೆ ಹರಡುವಂತೆ ಪಕ್ಕಕ್ಕೆ ನುಗ್ಗುತ್ತದೆ. ಈ ತಣ್ಣನೆಯ ಗಾಳಿಯ ಅಂಚು ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆ ಓಡುತ್ತಿರುತ್ತದೆ. ಆದ್ದರಿಂದ ‘ಮೊದಲು ಹನಿ ಬೀಳಲಿ, ಆಮೇಲೆ ಹೊರಡೋಣ’ ಎಂದು ಕಾಯುವವರಿಗೆ ಗಾಳಿಯೇ ಮೊದಲು ಬಡಿಯುತ್ತದೆ. ಆ ಅಂಚಿನ ಮುಂದಿರುವುದು ಇನ್ನೂ ಬಿಸಿ, ತೇವದ, ಅಲುಗದ ಗಾಳಿ. ಅಂಚು ಬರುವವರೆಗೂ ಅದು ಹಾಗೆಯೇ ಇರಬಹುದು. ಶಾಂತ ನೀರನ್ನು ನೋಡಿದವನಿಗೆ ಬಿರುಗಾಳಿ ಎಲ್ಲಿದೆ ಎಂಬ ಸುದ್ದಿ ಸಿಗುವುದಿಲ್ಲ. ಅದು ಇನ್ನೂ ತನ್ನ ಕಾಲಬುಡಕ್ಕೆ ಬಂದಿಲ್ಲ ಎಂಬುದಷ್ಟೇ ಸಿಗುತ್ತದೆ.

ಇಂಥ ಮೋಡಗಳು ಸಾಲುಗಟ್ಟಿ, ಒಂದರ ತಣ್ಣನೆಯ ಗಾಳಿ ಮುಂದಿನದನ್ನು ಎಬ್ಬಿಸುತ್ತ ನೂರಾರು ಕಿಲೋಮೀಟರ್ ಸಾಗಿದರೆ ಅದಕ್ಕೆ ‘ಡೆರೇಚೊ’ ಎಂದು ಹೆಸರು. ಸ್ಪ್ಯಾನಿಷ್‌ನಲ್ಲಿ ‘ನೇರ’ ಎಂದರ್ಥ. ಸುಂಟರಗಾಳಿಯಂತೆ ಸುತ್ತದೆ ನೇರವಾಗಿ ಬಡಿಯುವ ಗಾಳಿ ಎಂದು ತೋರಿಸಲು ಅಯೊವಾದ ಗುಸ್ಟಾವಸ್ ಹಿನ್ರಿಕ್ಸ್ 1888ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಟೇಬಲ್ ರಾಕ್ ಮೇಲೆ ಅಂದು ಹಾದುಹೋದದ್ದು ಡೆರೇಚೊ ಎಂದೇ ಆಮೇಲೆ ಗುರುತಿಸಲಾಯಿತು.

ವೇಗದ ಬಿರುಗಾಳಿಯ ಮುಂದೆ ನಮ್ಮ ಕಣ್ಣು ಕಿವಿಗಳು ಎಷ್ಟು ಹೊತ್ತು ಮುಂಚೆ ಎಚ್ಚರಿಸಬಲ್ಲವು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಗುಡುಗು ಸಾಮಾನ್ಯವಾಗಿ 15 ಕಿ.ಮೀ. ಆಚೆಗೆ ಕೇಳಿಸುವುದಿಲ್ಲ. ಬಿರುಗಾಳಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಮೊದಲ ಗುಡುಗು ಕೇಳಿಸಿದಾಗ ಅದು ಹನ್ನೊಂದು ನಿಮಿಷದ ದೂರದಲ್ಲಿದೆ. ಗಾಳಿಯ ಅಂಚು ಮೋಡಕ್ಕಿಂತ ಮುಂದಿದ್ದರೆ ಇನ್ನೂ ಕಡಿಮೆ. ಅರ್ಧ ಗಂಟೆ ಮೊದಲು ಅದು 40 ಕಿ.ಮೀ. ಆಚೆಗಿತ್ತು, ಯಾವ ಕಿವಿಗೂ ಎಟುಕದಷ್ಟು ದೂರ. ಮೇಲಾಗಿ ಟೇಬಲ್ ರಾಕ್ ಓಝಾರ್ಕ್ ಗುಡ್ಡಗಳ ನಡುವೆ ವೈಟ್ ನದಿಗೆ ಅಣೆಕಟ್ಟು ಕಟ್ಟಿ ಮಾಡಿದ ಜಲಾಶಯ. ಬಯಲಿನಲ್ಲಿ ಕಾಣುವಂತೆ ದೂರದ ದಿಗಂತ ಅಲ್ಲಿ ಕಾಣುವುದಿಲ್ಲ. ಇಂಥ ಕಡೆ ರೇಡಾರ್ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳೆಯಾಗದಿದ್ದಾಗ ಮನಸ್ಸು ಕಣ್ಣಿನ ಕಡೆಗೇ ವಾಲುತ್ತದೆ. ಆ ಸಂಜೆ 6.55ಕ್ಕೆ ರೇಡಾರ್ ‘ಬಂತು’ ಅನ್ನುತ್ತಿತ್ತು, ನೀರು ‘ಎಲ್ಲಿದೆ?’ ಅನ್ನುತ್ತಿತ್ತು.

ವಾರ್ನಿಂಗ್‌ನಿಂದ ನೊರೆ ಅಲೆಯವರೆಗೆ ಇದ್ದದ್ದು ಇಪ್ಪತ್ತೆಂಟು ನಿಮಿಷ. ಬಿರುಗಾಳಿಯ ಮಟ್ಟಿಗೆ ಇದು ಧಾರಾಳವಾದ ಮುನ್ಸೂಚನೆ.

ಪರದೆ, ಚಾವಣಿ, ಮೂತಿಯ ಮುಚ್ಚಳ

ಗಾಳಿ ದೋಣಿಯನ್ನು ಅಲೆಗೆ ಸಿಕ್ಕಿಸಿತು, ನಿಜ. ಮುಳುಗಿಸಿದ್ದು ಮಾತ್ರ ದೋಣಿಯ ಒಳಗೇ ಇತ್ತು. ಅಮೆರಿಕದ ಸೈನ್ಯ ಎರಡನೆಯ ಮಹಾಯುದ್ಧದ ನಡುವೆ ಹಡಗಿನಿಂದ ದಡಕ್ಕೆ ಸರಕು, ಸೈನಿಕರನ್ನು ಸಾಗಿಸಲು ಆರು ಚಕ್ರದ ಈ ಉಭಯವಾಸಿ ಟ್ರಕ್‌ಗಳನ್ನು 21 ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾಡಿಸಿತ್ತು. ಯುದ್ಧ ಮುಗಿದ ಮೇಲೆ ಕೆಲವನ್ನು ಪ್ರವಾಸಿಗರಿಗಾಗಿ ಉದ್ದ ಮಾಡಿ, ಸೀಟು ಹಾಕಿ, ಮೇಲೆ ಚಾವಣಿ ಕೂರಿಸಿ ಓಡಿಸತೊಡಗಿದರು. ನೀರಿನ ಮಟ್ಟದಿಂದ ದೋಣಿಯ ಅಂಚಿನ ಎತ್ತರ ಇವುಗಳಲ್ಲಿ ಕಡಿಮೆ. ತಳದಲ್ಲಿ ನೀರು ತಡೆಯುವ ಅಡ್ಡಗೋಡೆಗಳಿಲ್ಲ. ಒಂದು ಕಡೆ ನೀರು ಹೊಕ್ಕರೆ ಉದ್ದಕ್ಕೂ ಹರಡಿಬಿಡುತ್ತದೆ. ಅಂದು ನೀರು ಹೊಕ್ಕದ್ದು ಮೂತಿಯ ಮೇಲಿದ್ದ ಗಾಳಿ ಕಿಂಡಿಯಿಂದ. ಎಂಜಿನ್‌ಗೆ ಗಾಳಿ ಕೊಡುವ ಆ ಕಿಂಡಿಗೆ ಸ್ಪ್ರಿಂಗ್ ಮುಚ್ಚಳವಿತ್ತು, ಆದರೆ ನೀರು ತಡೆಯುವಂಥದ್ದಲ್ಲ. ದೋಣಿ ಅಲೆಗಳಿಗೆ ಎದುರಾಗಿ ದಡದ ಇಳಿಜಾರಿನತ್ತ ಹೊರಟಾಗ ಮೂತಿಯ ಮೇಲೆ ಅಪ್ಪಳಿಸಿದ ಅಲೆ ಪ್ರತಿ ಸಲವೂ ಅದನ್ನು ತಳ್ಳಿ ಒಳಗೆ ಸುರಿಯಿತು.

ಮತ್ತೆ ಆ ಪರದೆಗಳು. ಎರಚಲು ಬಂದಾಗ ಪರದೆ ಇಳಿಸುವುದಕ್ಕಿಂತ ಸಹಜವಾದ ಕೆಲಸ ಇನ್ನೊಂದಿಲ್ಲ. ಪ್ರಯಾಣಿಕರು ನೆನೆಯದಿರಲಿ ಎಂಬ ಕಾಳಜಿಯ ಕೆಲಸವದು. ಅದೇ ಪರದೆ ಕೆಲವು ನಿಮಿಷಗಳಲ್ಲಿ ಗೋಡೆಯಾಯಿತು. ಪಕ್ಕದಲ್ಲಿ ಪರದೆ, ಮೇಲೆ ಚಾವಣಿ, ಕೆಳಗಿನಿಂದ ಏರುವ ನೀರು. ಚಾವಣಿ ಮತ್ತು ಪರದೆಗಳು ಜನ ಹೊರಬರಲು ಅಡ್ಡಿಯಾದವು, ಸಾವು ಹೆಚ್ಚಲು ಅವೂ ಕಾರಣ ಎಂದು ತನಿಖೆ ಹೇಳಿತು.

ಲೈಫ್ ಜಾಕೆಟ್ ಹಾಕಿಸಿದ್ದರೆ ಸಾಕಿತ್ತು ಎಂದು ಅನೇಕರು ಬರೆದರು. ಅದು ಅಷ್ಟು ಸರಳವಲ್ಲ. ಚಾವಣಿಯಿರುವ ದೋಣಿ ಮುಳುಗುವಾಗ ಜಾಕೆಟ್ ಹಾಕಿದವನನ್ನು ನೀರು ಮೇಲಕ್ಕೆತ್ತಿ ಚಾವಣಿಗೇ ಒತ್ತಿ ಹಿಡಿಯುತ್ತದೆ. ಹೊರಬೀಳಲು ಅವನು ಕೆಳಗೆ ಮುಳುಗಿ ಪಕ್ಕದಿಂದ ನುಸುಳಬೇಕು, ಜಾಕೆಟ್ ಅದಕ್ಕೆ ಬಿಡುವುದಿಲ್ಲ. ಜಾಕೆಟ್ ಕೆಲಸಕ್ಕೆ ಬರಬೇಕಾದರೆ ಮೊದಲು ಚಾವಣಿ ಹೋಗಬೇಕು. ಇದನ್ನು ಯಾರೂ 2018ರಲ್ಲಿ ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. 1999ರ ಮೇ 1ರಂದು ಅರ್ಕನ್ಸಾದ ಹ್ಯಾಮಿಲ್ಟನ್ ಸರೋವರದಲ್ಲಿ ‘ಮಿಸ್ ಮೆಜೆಸ್ಟಿಕ್’ ಎಂಬ ಡಕ್ ಮುಳುಗಿ 13 ಜನ ಸತ್ತಿದ್ದರು. ಅಂದು ಬಿರುಗಾಳಿ ಇರಲಿಲ್ಲ, ತಳದ ಒಂದು ಸೀಲು ಕಿತ್ತು ನೀರು ನುಗ್ಗಿತ್ತು. ಚಾವಣಿ ಮಾತ್ರ ಅಂದೂ ಇತ್ತು, ಜನ ಅದರಡಿಯಲ್ಲೇ ಸಿಕ್ಕಿಬಿದ್ದಿದ್ದರು. ಅದರ ತನಿಖೆ ಮುಗಿಸಿ 2002ರಲ್ಲಿ ಇದೇ ಸುರಕ್ಷತಾ ಮಂಡಳಿ ಹೇಳಿತ್ತು: ನೀರು ತುಂಬಿದರೂ ತೇಲಿಕೊಂಡೇ ಇರುವಂತೆ ಈ ದೋಣಿಗಳನ್ನು ಬದಲಿಸಿ, ಅಲ್ಲಿಯವರೆಗೆ ಚಾವಣಿ ತೆಗೆಯಿರಿ. ಸಲಹೆ ಕಡ್ಡಾಯವಾಗಲಿಲ್ಲ. ಹದಿನಾರು ವರ್ಷ ಚಾವಣಿಗಳು ಬಿಸಿಲು ತಡೆಯುತ್ತ ಹಾಗೆಯೇ ಉಳಿದವು.

ದಡದಲ್ಲಿದ್ದವರು

ಆ ಹೊತ್ತಿಗೆ ಸರೋವರದಲ್ಲಿ ಇನ್ನೊಂದು ಡಕ್ ಕೂಡ ಅದೇ ಅಲೆಗಳೊಡನೆ ಸೆಣಸುತ್ತಿತ್ತು. ಹತ್ತಿರದಲ್ಲೇ ದಡಕ್ಕೆ ಕಟ್ಟಿದ್ದ ದೊಡ್ಡ ಪ್ರವಾಸಿ ಹಡಗೊಂದರಿಂದ ಯಾರೋ ತೆಗೆದ ವಿಡಿಯೊದಲ್ಲಿ ಎರಡೂ ಕಾಣುತ್ತವೆ. ಅಲೆಯಲ್ಲಿ ಒಂದರ ಮೂತಿ ಮುಳುಗಿ ಏಳುತ್ತದೆ, ಇನ್ನೊಂದು ಮುಂದಕ್ಕೆ ತೆವಳುತ್ತದೆ. ಆ ಇನ್ನೊಂದು ದಡ ಸೇರಿತು. ಒಂದೇ ನೀರು, ಒಂದೇ ಗಾಳಿ, ಒಂದೇ ಬಗೆಯ ದೋಣಿ. ಕೆಲವೇ ನಿಮಿಷಗಳ ಹಿಂದುಮುಂದು ಇವೆರಡನ್ನು ಬೇರೆ ಮಾಡಿತು ಎಂಬುದನ್ನು ನೆನೆದರೆ, ‘ನಾವು ಎಷ್ಟೋ ಸಲ ಹೀಗೇ ಹೋಗಿ ಬಂದಿದ್ದೇವಲ್ಲ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದು ತಿಳಿಯುತ್ತದೆ. ಆ ಸಂಜೆ ಎರಡೂ ದಡ ಸೇರಿಬಿಟ್ಟಿದ್ದರೆ ‘ನೀರು ಮೊದಲು’ ಎಂಬ ನಿರ್ಧಾರ ಮುಂದಿನ ಸಲಕ್ಕೆ ಅನುಭವದ ಪಾಠವಾಗಿ ಉಳಿಯುತ್ತಿತ್ತು, ಬಿರುಗಾಳಿ ಬರುವ ದಿನ ಹೀಗೆ ಮಾಡಿದರೆ ನಡೆಯುತ್ತದೆ ಎಂದು.

ಡಕ್ ಮುಳುಗಿದಾಗ ಆ ಹಡಗಿನ ಸಿಬ್ಬಂದಿ, ಪ್ರಯಾಣಿಕರು ನೀರಿಗೆ ಹಾರಿ ಕೈಗೆ ಸಿಕ್ಕವರನ್ನು ಎಳೆದುಕೊಂಡರು. ಬದುಕಿದ 14 ಜನರಲ್ಲಿ ಕ್ಯಾಪ್ಟನ್ ಒಬ್ಬರು. ಚಾಲಕ ಉಳಿಯಲಿಲ್ಲ. ನಾಲ್ಕು ದಿನದ ಬಳಿಕ, 23ರಂದು, ಡಕ್ ಅನ್ನು ಸರೋವರದ ತಳದಿಂದ ಎತ್ತಿದರು.

ಆಮೇಲೆ

ಸುರಕ್ಷತಾ ಮಂಡಳಿಯ ಅಂತಿಮ ತೀರ್ಮಾನ 2020ರ ಏಪ್ರಿಲ್‌ನಲ್ಲಿ ಬಂತು. ದುರಂತದ ಮೂಲ ಕಾರಣ, ತೀವ್ರ ಗುಡುಗು ಮಳೆಯ ವಾರ್ನಿಂಗ್ ಬಂದ ಮೇಲೂ ನೀರಿನ ಸವಾರಿ ಮುಂದುವರಿಸಿದ್ದು. ಮೂತಿಯ ಕಿಂಡಿ, ತೇಲುವ ಶಕ್ತಿಯ ಕೊರತೆ, ಚಾವಣಿ, ಪರದೆ, ಇಂಥ ದೋಣಿಗಳಿಗೆ ಪ್ರಮಾಣಪತ್ರ ಕೊಡುವ ಕೋಸ್ಟ್ ಗಾರ್ಡ್ ಹಳೆಯ ಸಲಹೆಗಳನ್ನು ಕಡ್ಡಾಯ ಮಾಡದೇ ಇದ್ದದ್ದು, ಇವೆಲ್ಲ ಅದರ ಹಿಂದೆ ಸಾಲಾಗಿ ನಿಂತವು. ಈ ಕ್ರಮ ಸರಿ ಎಂದೇ ನನಗೂ ಅನ್ನಿಸುತ್ತದೆ. ದೋಣಿಯ ದೋಷಗಳು ಎಷ್ಟೇ ಇರಲಿ, 6.54ರವರೆಗೆ ಅವು ಯಾರ ಕೂದಲನ್ನೂ ಕೊಂಕಿಸುವಂತಿರಲಿಲ್ಲ. ಆದರೂ ಕ್ಯಾಪ್ಟನ್ ಒಬ್ಬರ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ನೀರಿನಲ್ಲಿರುವವನಿಗೆ ದಡದಿಂದ ಕರೆ ಹೋಗಬೇಕು. ಹೊರಡುವ ಬಸ್ಸನ್ನು ನಿಲ್ಲಿಸುವ ಅಧಿಕಾರ ಟಿಕೆಟ್ ಕೊಡುವ ಕೈಗಳಿಂದ ಬೇರೆ ಕಡೆ ಇರಬೇಕು. ಸೀಟು ತುಂಬಿ, ಮಕ್ಕಳು ಕಿಟಕಿಗೆ ಅಂಟಿ ಕುಳಿತ ಮೇಲೆ ‘ಇವತ್ತು ಬೇಡ, ಇಳಿಯಿರಿ’ ಅನ್ನುವುದು ಕ್ಯಾಪ್ಟನ್‌ಗೆ ಎಷ್ಟು ಕಷ್ಟದ ಮಾತು ಎಂಬುದು, ಜನರನ್ನು ಕರೆದುಕೊಂಡು ಹೊರಟು ಅರ್ಧ ದಾರಿಯಲ್ಲಿ ವಾಪಸು ತಿರುಗಿದವರಿಗೆ ಗೊತ್ತಿರುತ್ತದೆ.

ಈ ದುರಂತಕ್ಕಾಗಿ ಅಮೆರಿಕದ ಕೇಂದ್ರ ಸರ್ಕಾರ ಹೂಡಿದ್ದ ಮೊಕದ್ದಮೆ 2020ರ ಡಿಸೆಂಬರ್‌ನಲ್ಲಿ ಬಿದ್ದುಹೋಯಿತು. ಕಾರಣ, ಆ ಸರೋವರ ನೌಕಾಯಾನ ಕಾನೂನು ಹೇಳುವ ಜಲಮಾರ್ಗವೇ ಅಲ್ಲ ಎಂಬ ತಾಂತ್ರಿಕ ಅಂಶ.

2022ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಡಕ್‌ಗಳಿಗೆಂದೇ ಕಾನೂನು ತಂದಿತು. ಮುಳುಗದಂತೆ ತೇಲುವ ವ್ಯವಸ್ಥೆ ಬೇಕು, ನೀರಿಗಿಳಿಯುವಾಗ ಚಾವಣಿ ಮತ್ತು ಪರದೆ ಇರಕೂಡದು. 2002ರ ಸಲಹೆಯ ತಿರುಳೂ ಇಷ್ಟೇ ಇತ್ತು. ಬ್ರ್ಯಾನ್ಸನ್‌ನಲ್ಲಿ ಡಕ್ ಓಡಿಸುತ್ತಿದ್ದ ಸಂಸ್ಥೆ ಆ ಸವಾರಿಯನ್ನು ಮತ್ತೆ ಶುರು ಮಾಡಲಿಲ್ಲ.